ಕೈಗೂಡುವ ಕೆಲಸ

ಆಕ್ಯುಪೇಷನಲ್ ಥೆರಪಿ ಎಂಬುದಕ್ಕೆ ಕನ್ನಡದಲ್ಲಿ ಇನ್ನೂ ಸರಿಯಾದ ಹೆಸರು ಕೂಡಿಬಂದಿಲ್ಲ. ‘ಔದ್ಯೋಗಿಕ ಚಿಕಿತ್ಸೆ’ ಎಂದರೆ ಕೇಳಿದವರಿಗೆ ಕೆಲಸ ಕೊಡಿಸುವ ತರಬೇತಿಯ ನೆನಪಾಗುತ್ತದೆ. ಆರು ವರ್ಷದ ಮಗುವಿಗೆ ಉದ್ಯೋಗವೇಕೆ ಎಂಬ ಪ್ರಶ್ನೆ ಏಳುತ್ತದೆ. ಹೆಸರು ತಿಳಿಯದ ಕಡೆ ‘ಫಿಸಿಯೋ’, ‘ಎಕ್ಸರ್‌ಸೈಜ್’ ಎಂಬ ಎರಡು ಮಾತುಗಳೇ ಎಲ್ಲ ಬಗೆಯ ಥೆರಪಿಗೂ ಸಾಲುತ್ತವೆ. ಆದರೆ ಈ ವೃತ್ತಿ ಕೇಳುವ ಪ್ರಶ್ನೆಯೇ ಬೇರೆ. ಕೈ ಎಷ್ಟು ಡಿಗ್ರಿ ಮಡಿಸುತ್ತದೆ ಎಂಬುದು ಅದರ ಕೊನೆಯ ಪ್ರಶ್ನೆಯಲ್ಲ. ಆ ಕೈಯಿಂದ ಮಗು ಉಣ್ಣುತ್ತದೆಯೇ, ಅಂಗಿಯ ಗುಂಡಿ ಹಾಕುತ್ತದೆಯೇ, ಬಳಪ ಹಿಡಿಯುತ್ತದೆಯೇ, ಶೌಚಕ್ಕೆ ಹೋಗಿ ಬರುತ್ತದೆಯೇ, ಆಟದಲ್ಲಿ ತನ್ನ ಸರದಿಗೆ ಕಾಯುತ್ತದೆಯೇ ಎಂಬುದು ಅದರ ಪ್ರಶ್ನೆ. ದಿನ ಬೆಳಗಾದರೆ ಮನುಷ್ಯ ಮಾಡಬೇಕಾದ ಕೆಲಸಗಳು ಮಗುವಿನ ಕೈಗೂಡುವಂತೆ ಮಾಡುವುದು ಅದರ ಗುರಿ. ಇದನ್ನು ಸರಿಯಾಗಿ ಅರ್ಥಮಾಡಿಕೊಂಡರೆ ಇನ್ನೊಂದು ವಿಚಾರವನ್ನೂ ಒಪ್ಪಬೇಕಾಗುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಈ ಥೆರಪಿಸ್ಟ್ ಬೇಕಾಗಿರುವುದು ಊರಾಚೆಯ ಒಂದು ಕೋಣೆಯಲ್ಲಲ್ಲ. ಮಗು ಕೂರುವ ತರಗತಿಯಲ್ಲಿ, ಬಿಸಿಯೂಟದ ಸಾಲಿನಲ್ಲಿ, ಮನೆಯ ಜಗಲಿಯಲ್ಲಿ. ಇದು ಸೇವೆಯನ್ನು ಅಗ್ಗವಾಗಿ ಮುಗಿಸುವ ಉಪಾಯವಲ್ಲ. ಈವರೆಗಿನ ಸಂಶೋಧನೆಯಲ್ಲಿ ಗಟ್ಟಿಯಾಗಿ ನಿಂತಿರುವ ಭಾಗ ಹೇಳುವುದೂ ಇದನ್ನೇ.

ಈ ಸೀಮೆಯ ಊಟವನ್ನೇ ಹತ್ತಿರದಿಂದ ನೋಡೋಣ. ರಾಗಿಮುದ್ದೆ ಉಣ್ಣಲು ಮಗು ಮೊದಲು ಬೆನ್ನು ನೆಟ್ಟಗೆ ಮಾಡಿ ಕೂರಬೇಕು. ತಟ್ಟೆ ಜಾರದಂತೆ ಒಂದು ಕೈ ಹಿಡಿದಿರಬೇಕು. ಇನ್ನೊಂದು ಕೈಯ ಹೆಬ್ಬೆರಳು ಮತ್ತೆರಡು ಬೆರಳು ಸೇರಿ ತುತ್ತು ಮುರಿಯಬೇಕು. ಬಿಸಿ ಎಷ್ಟಿದೆಯೆಂದು ಬೆರಳ ತುದಿಗೆ ತಿಳಿಯಬೇಕು. ತುತ್ತನ್ನು ದುಂಡಗೆ ಮಾಡಿ, ಬಸ್ಸಾರಿನಲ್ಲಿ ಹೊರಳಿಸಿ, ಮೊಣಕೈ ಮಡಿಸಿ ಬಾಯಿಗೆ ಒಯ್ದು, ಅಗಿಯದೆ ನುಂಗಬೇಕು. ಸೆರೆಬ್ರಲ್ ಪಾಲ್ಸಿಯಿಂದ ಸ್ನಾಯು ಬಿಗಿದ ಮಗುವಿನಲ್ಲಿ ಈ ಸರಣಿ ಮೊದಲ ಹೆಜ್ಜೆಯಲ್ಲೇ ಮುರಿಯಬಹುದು: ಸೊಂಟ ಹಿಂದಕ್ಕೆ ಜಾರುತ್ತದೆ, ಬೀಳದಿರಲು ಎರಡೂ ಕೈ ನೆಲಕ್ಕೆ ಊರುತ್ತವೆ, ಉಣ್ಣಲು ಕೈಯೇ ಉಳಿಯುವುದಿಲ್ಲ. ಆಟಿಸಂ ಇರುವ ಮಗುವಿಗೆ ಕೂರುವುದು ಕಷ್ಟವಲ್ಲ, ಬೆರಳಿಗಂಟುವ ಹಿಟ್ಟಿನ ಸ್ಪರ್ಶ ಸಹಿಸಲಾಗದಿರಬಹುದು. ಬೌದ್ಧಿಕ ಅಂಗವೈಕಲ್ಯವಿರುವ ಮಗುವಿಗೆ ಕೈಯೂ ಇದೆ, ಸ್ಪರ್ಶವೂ ಸರಿ. ಒಂದಾದ ಮೇಲೊಂದು ಮಾಡುವ ಕ್ರಮ ಮರೆತುಹೋಗುತ್ತದೆ. ಮನೆಯವರ ಕಣ್ಣಿಗೆ ಮೂವರೂ ಉಣ್ಣಲು ಬಾರದ ಮಕ್ಕಳೇ. ಥೆರಪಿಸ್ಟ್‌ಗೆ ಮೂರೂ ಬೇರೆ ಬೇರೆ ಸಮಸ್ಯೆ. ಮೊದಲನೆಯದಕ್ಕೆ ಗೋಡೆಯ ಮೂಲೆಯಲ್ಲಿ ಬೆನ್ನಿಗೆ ಆಸರೆಯಾಗುವ ಹಾಗೆ ಕೂರಿಸುವುದು, ತಟ್ಟೆಯಡಿ ಒದ್ದೆ ಬಟ್ಟೆ ಹಾಕುವುದು. ಎರಡನೆಯದಕ್ಕೆ ಆರಂಭದಲ್ಲಿ ಚಮಚ, ಜೊತೆಗೆ ನಿಧಾನವಾಗಿ ಹಿಟ್ಟು ಮುಟ್ಟುವ ರೂಢಿ. ಮೂರನೆಯದಕ್ಕೆ ಕೊನೆಯ ಹೆಜ್ಜೆಯೊಂದನ್ನು ಮಗುವಿಗೆ ಬಿಟ್ಟು, ಅದು ಬಂದ ಮೇಲೆ ಅದರ ಹಿಂದಿನದನ್ನು ಬಿಡುವುದು. ಇನ್ನೊಂದು ಎಚ್ಚರಿಕೆಯೂ ಇದೆ: ಅಗಿಯದೆ ನುಂಗುವ ಆಹಾರವಾದ್ದರಿಂದ, ನುಂಗುವಾಗ ಕೆಮ್ಮುವ ಮಗುವಿಗೆ ಮುದ್ದೆ ಕೊಡುವ ಮೊದಲು ತಿಳಿದವರು ನೋಡಲೇಬೇಕು. ಯಾವ ವಿದೇಶಿ ಪಠ್ಯಪುಸ್ತಕದಲ್ಲೂ ಮುದ್ದೆಯ ಪಾಠವಿಲ್ಲ. ಆ ಮನೆಯ ಊಟದ ಹೊತ್ತಿಗೆ ಹೋಗಿ ಕೂತವರು ಮಾತ್ರ ಇದನ್ನು ಬರೆಯಬಲ್ಲರು.

ಭಾರತಕ್ಕೆ ಈ ವೃತ್ತಿ ಆಸ್ಪತ್ರೆಯ ಬಾಗಿಲಿನಿಂದ ಬಂತು. ಕಮಲಾ ನಿಂಬ್ಕರ್ ಅವರ ಮುತುವರ್ಜಿಯಿಂದ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಮೊದಲ ತರಬೇತಿ ಶಾಲೆ ಆರಂಭವಾಯಿತು. 1952ರಲ್ಲಿ ಅಖಿಲ ಭಾರತ ಸಂಘ ಹುಟ್ಟಿತು. ಅಮೆರಿಕದಲ್ಲಿ 1975ರ ಕಾಯ್ದೆಯೊಂದು ಶಾಲೆಯಲ್ಲಿರುವ ಅಂಗವಿಕಲ ಮಗುವಿಗೆ ಅಗತ್ಯ ಬಿದ್ದರೆ ಈ ಥೆರಪಿಯನ್ನೂ ಕೊಡಬೇಕೆಂದು ವಿಧಿಸಿದ್ದರಿಂದ ಅಲ್ಲಿ ಥೆರಪಿಸ್ಟರು ದೊಡ್ಡ ಸಂಖ್ಯೆಯಲ್ಲಿ ಶಾಲೆಗಳಿಗೆ ಬಂದರು. ನಮ್ಮಲ್ಲಿ ಆ ಕೊಂಡಿ ಬೆಸೆಯಲೇ ಇಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು. ಪ್ರತಿ ಮಗುವಿಗೂ ಅದರ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮತ್ತು ವೈಯಕ್ತಿಕ ನೆರವು ಕೊಡಬೇಕೆಂದು 16ನೇ ಕಲಮಿನಲ್ಲಿ ಹೇಳಿತು. ಗಣನೀಯ ಅಂಗವೈಕಲ್ಯವಿರುವ 6ರಿಂದ 18 ವರ್ಷದವರಿಗೆ ನೆರೆಯ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು ಕೊಟ್ಟಿತು. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ, ಮುಂದಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕೆಂದು ಹೇಳಿತು. 2025ರ ಮಾರ್ಚ್‌ನಲ್ಲಿ ಹುದ್ದೆಗಳನ್ನು ಪ್ರಕಟಿಸಲು ರಾಜ್ಯಗಳಿಗೆ ಸೂಚಿಸಿತು. ಇವೆಲ್ಲ ಬೇಕಾದ ಹೆಜ್ಜೆಗಳೇ. ಆದರೆ ವಿಶೇಷ ಶಿಕ್ಷಕರ ಲೆಕ್ಕ ಸಿಕ್ಕಷ್ಟು ಖಚಿತವಾಗಿ ಥೆರಪಿಸ್ಟರ ಲೆಕ್ಕ ಎಲ್ಲೂ ಸಿಗುವುದಿಲ್ಲ. 2021ರಲ್ಲೇ ಬಂದ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆ ಆಕ್ಯುಪೇಷನಲ್ ಥೆರಪಿಗೆ ಶಾಸನದ ಮನ್ನಣೆ ಕೊಟ್ಟಿತಾದರೂ ಅದು ಆರೋಗ್ಯದ ಕಡತ, ಶಿಕ್ಷಣದ್ದಲ್ಲ. ಹೀಗೆ ವೃತ್ತಿ ಒಂದು ಇಲಾಖೆಯಲ್ಲೂ ಮಗು ಇನ್ನೊಂದರಲ್ಲೂ ಉಳಿದಿವೆ.

ಈಗಿರುವ ಏರ್ಪಾಡನ್ನು ತಳ್ಳಿಹಾಕುವಂತಿಲ್ಲ. ಸಮಗ್ರ ಶಿಕ್ಷಣ ಯೋಜನೆಯಡಿ ತಾಲ್ಲೂಕು ಮಟ್ಟದಲ್ಲಿ ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ ಶಿಕ್ಷಕರಾದ ಬಿಐಇಆರ್‌ಟಿಗಳಿದ್ದಾರೆ, ಕ್ಷೇತ್ರ ಸಂಪನ್ಮೂಲ ಕೇಂದ್ರಗಳಿವೆ, ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವಿದೆ. ಗ್ರಾಮ ಪಂಚಾಯಿತಿಗಳಲ್ಲಿ ಗೌರವಧನದ ಮೇಲೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಮಾಡಿ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುತ್ತದೆ. ಕೊರತೆಯಿರುವುದು ಕಳಿಸಿದ ಮೇಲಿನ ದಾರಿಯಲ್ಲಿ. ಶ್ರೀನಿವಾಸಪುರದ ಗಡಿ ಹಳ್ಳಿಯ ತಾಯಿಯೊಬ್ಬಳು ಮಗನನ್ನು ಎತ್ತಿಕೊಂಡು ಕೋಲಾರಕ್ಕೆ, ಅಲ್ಲಿಂದ ಬೆಂಗಳೂರಿಗೆ ಹೋಗಬೇಕಾದರೆ ಒಂದು ದಿನವೇ ಕಳೆಯುತ್ತದೆ. 2023ರ ಜೂನ್‌ನಿಂದ ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆಯಲ್ಲಿ ತಾಯಿಯ ಬಸ್ಸಿನ ಖರ್ಚು ಉಳಿದಿದೆ, ಅದು ಸಣ್ಣ ಸಹಾಯವಲ್ಲ. ಆದರೆ ಕಳೆದ ಕೂಲಿ ಹಿಂದಿರುಗುವುದಿಲ್ಲ, ಹಾಲು ಕರೆಯುವ ಹೊತ್ತು ತಪ್ಪುತ್ತದೆ, ಇನ್ನೊಂದು ಮಗುವನ್ನು ಯಾರದೋ ಮನೆಯಲ್ಲಿ ಬಿಡಬೇಕಾಗುತ್ತದೆ. ಮಾಲೂರಿನವರಿಗೆ ಬೆಂಗಳೂರಿನ ರೈಲು ಹತ್ತಿರ. ಮುಳಬಾಗಿಲಿನ ಆಚೆ ತುದಿಯವರಿಗೆ ಅದೂ ಇಲ್ಲ. ಹೀಗೆ ನಾಲ್ಕು ಸಲ ಹೋಗಿ ಐದನೆಯ ಸಲ ನಿಂತವರನ್ನು ‘ಫಾಲೋಅಪ್ ತಪ್ಪಿಸಿದವರು’ ಎಂದು ದಾಖಲೆ ಬರೆಯುತ್ತದೆ. ಆ ಪದ ಅನ್ಯಾಯದ್ದು. ತಪ್ಪಿಸಿಕೊಂಡಿದ್ದು ಸೇವೆ, ತಾಯಿಯಲ್ಲ.

ವಾರಕ್ಕೊಮ್ಮೆ ನಲವತ್ತು ನಿಮಿಷ ಕೋಣೆಯೊಳಗೆ ಮಾಡುವ ಥೆರಪಿಯೇ ಮಗುವನ್ನು ಬದಲಿಸುವುದಾದರೆ, ಎಷ್ಟೇ ಕಷ್ಟವಾದರೂ ಆ ಕೋಣೆಗೆ ಕರೆದೊಯ್ಯುವ ಏರ್ಪಾಡು ಮಾಡಬೇಕಿತ್ತು. ಅಧ್ಯಯನಗಳು ಹೇಳುವುದು ಬೇರೆಯದನ್ನು. ಆಸ್ಟ್ರೇಲಿಯದ ಇಯೋನಾ ನೊವಾಕ್ ಮತ್ತು ಸಂಗಡಿಗರು 2009ರಲ್ಲಿ ಸೆರೆಬ್ರಲ್ ಪಾಲ್ಸಿ ಇದ್ದ 36 ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಥೆರಪಿಸ್ಟ್ ಮನೆಯವರೊಂದಿಗೆ ಕೂಡಿ ರೂಪಿಸಿದ ಗೃಹ ಅಭ್ಯಾಸ 8 ವಾರಗಳಲ್ಲೇ ಕೈಯ ಬಳಕೆಯನ್ನು ಸುಧಾರಿಸಿತು. ಅಲ್ಲಿನ ಪೋಷಕರು ಸರಾಸರಿ ತಿಂಗಳಿಗೆ 17–18 ಸಲ, ಪ್ರತಿ ಸಲ ಸುಮಾರು 16 ನಿಮಿಷ ಅಭ್ಯಾಸ ಮಾಡಿಸಿದ್ದರು. ಯಾವ ಬಡವರ ಮನೆಯಲ್ಲೂ ಅಸಾಧ್ಯವಲ್ಲದ ಹೊತ್ತು ಅದು. ಅದೇ ಸಂಶೋಧಕಿಯ ತಂಡ 2013ರಲ್ಲಿ ಸೆರೆಬ್ರಲ್ ಪಾಲ್ಸಿಯ ಚಿಕಿತ್ಸೆಗಳನ್ನೆಲ್ಲ ತೂಗಿ ನೋಡಿ ಟ್ರಾಫಿಕ್ ದೀಪದ ಬಣ್ಣಗಳಲ್ಲಿ ವಿಂಗಡಿಸಿತು. ಗುರಿ ಇಟ್ಟುಕೊಂಡ ಅಭ್ಯಾಸ, ಎರಡೂ ಕೈ ಬಳಸುವ ತರಬೇತಿ, ಗೃಹ ಕಾರ್ಯಕ್ರಮ ಇವಕ್ಕೆ ಹಸಿರು ಸಿಕ್ಕಿತು. ಹಳೆಯ ಕಾಲದಿಂದ ನಡೆದು ಬಂದ, ಥೆರಪಿಸ್ಟ್ ಮಗುವಿನ ದೇಹವನ್ನು ಹಿಡಿದು ಚಲನೆ ತಿದ್ದುವ ಪದ್ಧತಿಗೆ ಕೆಂಪು. ಬರವಣಿಗೆಯ ವಿಷಯದಲ್ಲಿ 2011ರ ಕೆನಡಾದ ಸಮೀಕ್ಷೆ ಇನ್ನೂ ನೇರ: ಬರೆಯಿಸದೆ ಮಾಡುವ ಬೆರಳಿನ ಕಸರತ್ತಿನಿಂದ ಅಕ್ಷರ ಸುಧಾರಿಸಲಿಲ್ಲ, 20ಕ್ಕಿಂತ ಕಡಿಮೆ ಸಲದ ಅಭ್ಯಾಸದಿಂದಲೂ ಇಲ್ಲ. ಮಣಿ ಪೋಣಿಸಿದರೆ ಮಣಿ ಪೋಣಿಸುವುದು ಬರುತ್ತದೆ, ಬರವಣಿಗೆಗೆ ಬರೆಯಬೇಕು. ಈ ಅಧ್ಯಯನಗಳು ಪರದೇಶದವು, ಮಕ್ಕಳ ಸಂಖ್ಯೆಯೂ ಕೆಲವೆಡೆ ಸಣ್ಣದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅವುಗಳ ತಿರುಳು ದೇಶದ ಮೇಲೆ ನಿಂತಿಲ್ಲ: ಯಾವ ಕೆಲಸ ಬೇಕೋ ಅದನ್ನೇ, ಅದು ನಡೆಯುವ ಜಾಗದಲ್ಲೇ, ಪದೇ ಪದೇ ಮಾಡಬೇಕು. ಅಷ್ಟು ಸಲ ಮಾಡಿಸುವ ಅವಕಾಶ ಶಾಲೆಗೂ ಮನೆಗೂ ಮಾತ್ರ ಇದೆ.

ನಮ್ಮ ಸರ್ಕಾರಿ ಶಾಲೆಯ ತರಗತಿ ಇದಕ್ಕೆ ಅಂದುಕೊಂಡಷ್ಟು ಪ್ರತಿಕೂಲವಲ್ಲ. ಹೆಗ್ಗಡದೇವನಕೋಟೆಯಲ್ಲಿ 1995ರ ಸುಮಾರಿಗೆ ಹುಟ್ಟಿ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ಮಗು ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತದೆ; ಎಲ್ಲರೂ ಒಂದೇ ಪುಟದಲ್ಲಿರಬೇಕೆಂಬ ಕಟ್ಟಿಲ್ಲ. ಗೋಡೆಗೆ ಮಕ್ಕಳೆತ್ತರದಲ್ಲಿ ಕಪ್ಪು ಹಲಗೆಯಿದೆ. ನಿಂತ ಹಲಗೆಯ ಮೇಲೆ ಬರೆಯುವಾಗ ಮಣಿಕಟ್ಟು ತಾನಾಗಿ ಹಿಂದಕ್ಕೆ ಬಾಗಿ ಬೆರಳ ಹಿಡಿತ ಸುಲಭವಾಗುತ್ತದೆಂದು ಥೆರಪಿಸ್ಟರು ಹೇಳುತ್ತಾರೆ; ದುಬಾರಿ ಇಳಿಜಾರು ಮೇಜು ಮಾಡುವ ಕೆಲಸವನ್ನು ಆ ಹಲಗೆ ಮಾಡಬಲ್ಲದು. ಅಕ್ಷರಗಳೂ ‘ಅ ಆ ಇ ಈ’ ಕ್ರಮದಲ್ಲಿ ಬರದೆ ‘ರ ಗ ಸ ದ ಅ’ ಎಂದು ಆಕಾರದ ನಂಟಿನಿಂದ ಬರುತ್ತವೆ. ಕೈ ನಡುಗುವ ಮಗುವಿಗೆ ಇದು ವರದಾನ. ಕನ್ನಡ ಲಿಪಿ ದುಂಡಗಿನದು. ಎಡದಿಂದ ಹೊರಳಿ ಮೇಲೇರುವ ತಿರುವು, ಮೇಲೆ ತಲೆಕಟ್ಟು, ಕೆಳಗೆ ಒತ್ತಕ್ಷರ, ಬದಿಗೆ ಕೊಂಬು, ದೀರ್ಘ. ರೋಮನ್ ಲಿಪಿಯ ನೇರಗೆರೆಗಳಿಗೆಂದು ಮಾಡಿದ ಪರೀಕ್ಷಾಪಟ್ಟಿ ಹಿಡಿದು ‘ಸ್ತ್ರೀ’ ಬರೆಯಲಾಗದ ಮಗುವನ್ನು ಅಳೆದರೆ ಕಷ್ಟ ಎಲ್ಲಿದೆಯೆಂದು ತಿಳಿಯುವುದೇ ಇಲ್ಲ. ಒತ್ತಕ್ಷರಕ್ಕೆ ಜಾಗ ಸಾಲದೆ ಕೆಳಸಾಲಿಗೆ ಬೆರೆಯುವುದು ಎಷ್ಟೋ ಮಕ್ಕಳ ತೊಡಕು. ಒಂದು ಗೆರೆ ಬಿಟ್ಟು ಬರೆಯಲು ಹೇಳಿದರೆ ಅರ್ಧ ಕೆಲಸ ಮುಗಿಯಿತು. ಇನ್ನು ಆಸನದ ಮಾತು. ಬೆಂಚಿನ ಮೇಲೆ ಕೂತ ಮಗುವಿನ ಕಾಲು ಗಾಳಿಯಲ್ಲಿ ತೂಗಾಡುತ್ತಿದ್ದರೆ ಅದರ ಬಲವೆಲ್ಲ ಬೀಳದೆ ಕೂರುವುದಕ್ಕೇ ಖರ್ಚು. ಮಾಲೂರು ಇಟ್ಟಿಗೆ, ಹೆಂಚಿಗೆ ಹೆಸರಾದ ಊರು. ಗೋಣಿಚೀಲ ಸುತ್ತಿದ ಎರಡು ಇಟ್ಟಿಗೆ ಪಾದದಡಿ ಇಟ್ಟರೆ ಮೊಣಕಾಲು ಲಂಬಕೋನಕ್ಕೆ ಬರುತ್ತದೆ, ಬೆನ್ನು ನಿಲ್ಲುತ್ತದೆ, ಕೈ ಬಿಡುವಾಗುತ್ತದೆ. ಎರಡು ಸಾಕೇ ಮೂರು ಬೇಕೇ ಎಂದು ಹೇಳುವುದಕ್ಕೆ ಮಾತ್ರ ತಿಳಿದ ಕಣ್ಣು ಬೇಕು.

ಇಲ್ಲಿ ಭಾಷೆಯ ವಿಷಯವನ್ನೂ ಹೇಳಬೇಕು. ಮುಳಬಾಗಿಲು, ಶ್ರೀನಿವಾಸಪುರ ಆಂಧ್ರದ ಗಡಿಗೆ, ಮಾಲೂರು ತಮಿಳುನಾಡಿನ ಗಡಿಗೆ ತಾಗಿವೆ. ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ. ಕನ್ನಡದಲ್ಲಿ ‘ಕೈ ಮೇಲೆತ್ತು’ ಎಂದಾಗ ಸುಮ್ಮನಿದ್ದ ಮಗು ‘ಚೆಯ್ಯಿ ಎತ್ತು’ ಎಂದೊಡನೆ ಎತ್ತಿದರೆ, ಅಲ್ಲಿ ಇದ್ದದ್ದು ಬುದ್ಧಿಯ ಕೊರತೆಯಲ್ಲ. ಎರಡು ಭಾಷೆ ಬಲ್ಲ ಸ್ಥಳೀಯರು ಈ ವೃತ್ತಿಗೆ ಬರಬೇಕು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ ವೃತ್ತಿಯ ಒಳಗಿನಿಂದಲೇ ಬರುತ್ತದೆ: ನಾಲ್ಕೂವರೆ ವರ್ಷ ಓದಿ ಕಲಿತದ್ದನ್ನು ಶಿಕ್ಷಕಿಗೂ ಅಡುಗೆಯವರಿಗೂ ಹಂಚಿದರೆ ಅದು ಥೆರಪಿಯಾಗಿ ಉಳಿಯುತ್ತದೆಯೇ? ಅರೆಬರೆ ತಿಳಿದವರ ಕೈಯಲ್ಲಿ ಮಗುವಿಗೆ ಅಪಾಯವಾಗದೇ? ಆತಂಕ ಸುಳ್ಳಲ್ಲ. ನುಂಗುವ ತೊಂದರೆ, ಫಿಟ್ಸ್ ಬರುವ ಮಗು, ಕೈಗೆ ಕಟ್ಟುವ ಸ್ಪ್ಲಿಂಟ್, ಸೊಂಟದ ಕೀಲು ಜಾರುವ ಲಕ್ಷಣ ಇವನ್ನು ತರಬೇತಿಯಿಲ್ಲದವರಿಗೆ ಬಿಡಬಾರದು. ಆದರೆ ಅಳೆದು ನೋಡಿ ನಿರ್ಧರಿಸುವುದು ಬೇರೆ, ನಿರ್ಧರಿಸಿದ್ದನ್ನು ದಿನವೂ ಮಾಡಿಸುವುದು ಬೇರೆ. ಮೊದಲನೆಯದನ್ನು ಥೆರಪಿಸ್ಟ್ ಯಾರಿಗೂ ಬಿಟ್ಟುಕೊಡಬೇಕಿಲ್ಲ. ಎರಡನೆಯದನ್ನು ತಾನೊಬ್ಬಳೇ ಮಾಡುತ್ತೇನೆಂದರೆ ನಡೆಯುವುದಿಲ್ಲ. ವೈದ್ಯರು ಔಷಧಿ ಬರೆಯುತ್ತಾರೆ, ಮೂರು ಹೊತ್ತು ಕುಡಿಸುವವಳು ತಾಯಿ. ಅದರಿಂದ ವೈದ್ಯಕೀಯದ ಘನತೆ ಕುಂದಿಲ್ಲ.

ಶಿಕ್ಷಕರ ಆಕ್ಷೇಪ ಇನ್ನೂ ಭಾರವಾದದ್ದು. ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಬಿಸಿಯೂಟ, ಹಾಲು, ಗಣತಿ, ಆನ್‌ಲೈನ್ ಮಾಹಿತಿ ತುಂಬುವ ಕೆಲಸಗಳ ನಡುವೆ ಪಾಠ ಮಾಡುವವರ ತಲೆಗೆ ಥೆರಪಿಯನ್ನೂ ಕಟ್ಟಬೇಕೇ? ಕಟ್ಟಬಾರದು. ಕೆನಡಾದ ಒಂಟಾರಿಯೋದಲ್ಲಿ ಷೆರಿಲ್ ಮಿಸಿಯುನಾ ತಂಡ ರೂಪಿಸಿದ ‘ಪಾರ್ಟ್‌ನರಿಂಗ್ ಫಾರ್ ಚೇಂಜ್’ ಮಾದರಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಥೆರಪಿಸ್ಟ್ ಒಂದೊಂದು ಮಗುವನ್ನು ಹೊರಗೆ ಕರೆದೊಯ್ಯುವುದಿಲ್ಲ. ತರಗತಿಯೊಳಗೇ ಇದ್ದು, ಎಲ್ಲ ಮಕ್ಕಳಿಗೂ ಅನುಕೂಲವಾಗುವ ಬದಲಾವಣೆಯಿಂದ ಶುರುಮಾಡಿ, ಅದು ಸಾಲದವರಿಗೆ ಮಾತ್ರ ಹೆಚ್ಚಿನದನ್ನು ಸೂಚಿಸುತ್ತಾರೆ. ಶಿಕ್ಷಕಿಗೆ ಹೇಳುವ ಸಲಹೆ ಅವಳ ಹೊತ್ತನ್ನು ಉಳಿಸಬೇಕು. ಪದೇ ಪದೇ ಎದ್ದು ಓಡುವ ಮಗುವಿಗೆ ಪುಸ್ತಕ ಹಂಚುವ, ಹಲಗೆ ಒರೆಸುವ ಕೆಲಸ ಗೊತ್ತುಮಾಡಿದರೆ ಗದರುವ ಹೊತ್ತು ಉಳಿಯುತ್ತದೆ. ತಿಂಗಳಿಗೆ ಒಂದೇ ಬದಲಾವಣೆ, ಮಾಡಿ ತೋರಿಸಿದ ಮೇಲೆ ಮಾತ್ರ. ಹತ್ತು ಅಂಶಗಳ ಮುದ್ರಿತ ಹಾಳೆ ಬೀರುವಿನೊಳಗೆ ಹೋಗುತ್ತದೆ.

ಪೋಷಕರಲ್ಲಿ ಕೆಲವರು ಕೇಳುವುದು ಬಣ್ಣದ ದೀಪ, ತೂಗುಯ್ಯಾಲೆ, ಚೆಂಡಿನ ಕೊಳವಿರುವ ‘ಸೆನ್ಸರಿ ರೂಮ್’. ಬೆಂಗಳೂರಿನಲ್ಲಿ ನೋಡಿದ್ದು ತಮ್ಮ ಮಗುವಿಗೂ ಸಿಗಲಿ ಎಂಬ ಆಸೆ ತಪ್ಪಲ್ಲ. ಸಂವೇದನೆಗಳ ಹೊಂದಾಣಿಕೆಯ ಈ ಸಿದ್ಧಾಂತವನ್ನು 1970ರ ದಶಕದಲ್ಲಿ ಪುಸ್ತಕವಾಗಿಸಿದ ಜೀನ್ ಏರ್ಸ್ ಆಕ್ಯುಪೇಷನಲ್ ಥೆರಪಿಸ್ಟೇ; ಆಟಿಸಂ ಇರುವ ಮಕ್ಕಳು ಸದ್ದು, ಬೆಳಕು, ಸ್ಪರ್ಶವನ್ನು ಬೇರೆಯಾಗಿ ಅನುಭವಿಸುತ್ತಾರೆಂಬ ಅರಿವು ಹಬ್ಬಿದ್ದರಲ್ಲಿ ಅವರ ಪಾಲು ದೊಡ್ಡದು. ಆದರೆ 2022ರಲ್ಲಿ ಪ್ರಕಟವಾದ, 138 ಮಕ್ಕಳಿದ್ದ ಬ್ರಿಟನ್ನಿನ ಪ್ರಯೋಗದಲ್ಲಿ ಆ ಥೆರಪಿಯಿಂದ ಮಕ್ಕಳ ಕಿರಿಕಿರಿ, ರೇಗಾಟದಲ್ಲಿ ಸಾಮಾನ್ಯ ಆರೈಕೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಹೀಗಿರುವಾಗ ಜಿಲ್ಲಾ ಕೇಂದ್ರದಲ್ಲಿ ಒಂದು ಕೋಣೆಗೆ ಲಕ್ಷಗಟ್ಟಲೆ ಸುರಿಯುವುದಕ್ಕಿಂತ, ಬೆಲ್ಲಿನ ಸದ್ದಿಗೆ ಕಿವಿ ಮುಚ್ಚಿ ಅರಚುವ ಮಗುವನ್ನು ಬೆಲ್ಲಿನಿಂದ ದೂರದ ಕೋಣೆಗೆ ಬದಲಿಸಿ, ಬೆಲ್ ಹೊಡೆಯುವ ಮೊದಲು ಹೇಳುವ ಏರ್ಪಾಡು ಮಾಡುವುದು ಮೇಲು.

ಫಿಸಿಯೋಥೆರಪಿಸ್ಟ್ ಇದ್ದಾರಲ್ಲ, ಇನ್ನೊಬ್ಬರೇಕೆ ಎಂಬ ಪ್ರಶ್ನೆ ಕಚೇರಿಗಳಲ್ಲಿ ಸಹಜವಾಗಿ ಏಳುತ್ತದೆ. ನಡಿಗೆ, ಕೀಲು, ಬಲದ ವಿಷಯದಲ್ಲಿ ಅವರ ಕೆಲಸಕ್ಕೆ ಬದಲಿಯಿಲ್ಲ. ಆದರೆ ಆಟಿಸಂ, ಕಲಿಕಾ ನ್ಯೂನತೆ, ಬೌದ್ಧಿಕ ಅಂಗವೈಕಲ್ಯದ ಮಕ್ಕಳಲ್ಲಿ ಬಹುಪಾಲು ನಡೆಯಬಲ್ಲವರು, ಓಡಬಲ್ಲವರು. ಕಾಲಿನ ಕಣ್ಣಿಂದ ನೋಡಿದರೆ ಅವರಿಗೆ ಏನೂ ಆಗಿಲ್ಲ. ಇನ್ನು ದುಡ್ಡಿನ ಮಾತು. ಸಮಗ್ರ ಶಿಕ್ಷಣದಲ್ಲಿ ಇಂಥ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿಯವರೆಗೆ ಅವಕಾಶವಿದೆ. ತಾಲ್ಲೂಕಿನಲ್ಲಿ 300 ಮಕ್ಕಳೆಂದು ಇಟ್ಟುಕೊಂಡರೂ ಅದು ಹತ್ತೂವರೆ ಲಕ್ಷ. ಸಾಧನ ಸಲಕರಣೆ, ಪ್ರಯಾಣ ಭತ್ಯೆ, ಬೋಧನ ಸಾಮಗ್ರಿ ಎಲ್ಲವೂ ಅದರಲ್ಲೇ ಆಗಬೇಕು. ಸಂಬಳ ಅದರಿಂದ ಹೊರಡದು, ಪ್ರತ್ಯೇಕ ಹುದ್ದೆಯೇ ಬೇಕು. ನಾಲ್ಕು ತಾಲ್ಲೂಕಿಗೆ ನಾಲ್ಕು ಹುದ್ದೆ ಎಂಬುದು ದೊಡ್ಡ ಬೇಡಿಕೆಯಲ್ಲ. ಒಬ್ಬರು ವರ್ಷಕ್ಕೆ 35 ವಾರ, ವಾರಕ್ಕೆ 4 ದಿನ, ದಿನಕ್ಕೆ 2 ಶಾಲೆ ತಿರುಗಿದರೆ 280 ಭೇಟಿಯಾಗುತ್ತದೆ. ಹೆಚ್ಚು ನೆರವು ಬೇಕಾದ 40 ಮಕ್ಕಳಿಗೆ ತಲಾ 7 ಭೇಟಿ. ನಡುವಿನ ದಿನಗಳನ್ನು ಬಿಐಇಆರ್‌ಟಿ, ಪುನರ್ವಸತಿ ಕಾರ್ಯಕರ್ತರು, ಮನೆಯವರು ಹೊತ್ತುಕೊಂಡಾಗ ಮಾತ್ರ ಈ ಲೆಕ್ಕಕ್ಕೆ ಅರ್ಥ. ಐದನೆಯ ದಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಈ ಎಲ್ಲರಿಗೂ ಕಲಿಸುವುದಕ್ಕೆ. ಸಲಕರಣೆ ವಿತರಣೆಯ ಶಿಬಿರಗಳಿಗೂ ಇವರು ಬೇಕು. ಅಳತೆಗೆ ಕೂರದ ಗಾಲಿಕುರ್ಚಿ ಎರಡು ತಿಂಗಳಲ್ಲಿ ಬಟ್ಟೆ ಒಣಹಾಕುವ ಜಾಗವಾಗುತ್ತದೆ, ಅದಕ್ಕೆ ಮನೆಯವರನ್ನು ದೂರಿ ಫಲವಿಲ್ಲ.

ದೊಡ್ಡ ಮಕ್ಕಳ ವಿಷಯಕ್ಕೆ ಬಂದರೆ ಈ ವೃತ್ತಿಯ ಹೆಸರಿನಲ್ಲಿರುವ ಉದ್ಯೋಗ ನಿಜವಾಗಿಯೂ ಎದುರು ನಿಲ್ಲುತ್ತದೆ. ಹದಿನಾಲ್ಕು ದಾಟಿದ ಹುಡುಗಿಗೆ ಇನ್ನೂ ಮರದ ತುಂಡು ಜೋಡಿಸುವ ಆಟ ಕೊಡುವುದು ಅವಳಿಗೆ ಅವಮಾನ. ಅವಳ ಸುತ್ತ ರೇಷ್ಮೆಯಿದೆ, ಟೊಮೆಟೊ ಇದೆ, ಮಾವಿನ ತೋಪಿದೆ, ಹೈನಿದೆ. ಹಣ್ಣಾದ ರೇಷ್ಮೆಹುಳುವನ್ನು ಬಣ್ಣ ನೋಡಿ ಆರಿಸಿ, ಅದು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ಕೆಲಸದಲ್ಲಿ ನೋಟ, ಹಗುರ ಹಿಡಿತ, ನಿರ್ಧಾರ ಮೂರೂ ಇವೆ. ಟೊಮೆಟೊ ಕ್ರೇಟಿಗೆ ಹಣ್ಣು ವಿಂಗಡಿಸುವಲ್ಲಿ ಗಾತ್ರ, ಬಣ್ಣ, ಎಣಿಕೆ ಇವೆ. ಯಾವ ಹೆಜ್ಜೆ ಅವಳಿಂದ ಆಗುತ್ತದೆ, ಯಾವುದಕ್ಕೆ ಮಣೆಯೋ ಎತ್ತರದ ಮೇಜೋ ಬೇಕು, ಸಂಬಳವಿಲ್ಲದೆ ದುಡಿಸಿಕೊಳ್ಳದಂತೆ ಎಚ್ಚರ ಹೇಗೆ ಎಂದು ಥೆರಪಿಸ್ಟ್ ಮನೆಯವರೊಂದಿಗೆ ಕೂತು ಬರೆಯಬೇಕು. ಹದಿನೆಂಟು ತುಂಬಿದ ದಿನ ಉಚಿತ ಶಿಕ್ಷಣದ ಹಕ್ಕಿನ ಬಾಗಿಲು ಮುಚ್ಚುತ್ತದೆ. ಅಷ್ಟರೊಳಗೆ ಈ ಬರಹ ಸಿದ್ಧವಿರಬೇಕು.

ಜೂನ್ ಮೊದಲ ವಾರಗಳಲ್ಲಿ ಶಾಲೆಗೆ ಹೋಗುವ ಥೆರಪಿಸ್ಟ್‌ಗೆ ಮೊದಲ ಕೆಲಸ ಸಣ್ಣದು. ಮಗು ಬೇರೆ ಕೋಣೆಗೆ ಬಂದಿದೆ, ಬೆಂಚಿನ ಎತ್ತರ ಬೇರೆ, ಶಿಕ್ಷಕಿ ಬೇರೆ, ಬೇಸಿಗೆ ರಜೆಯಲ್ಲಿ ಕಾಲು ಒಂದಿಷ್ಟು ಉದ್ದವಾಗಿದೆ. ಹಳೆಯ ತರಗತಿಯ ಮೂಲೆಯಲ್ಲಿ ಬಿದ್ದಿರುವ ಗೋಣಿ ಸುತ್ತಿದ ಇಟ್ಟಿಗೆಗಳನ್ನು ಹುಡುಕಿ ತಂದು, ಒಂದನ್ನು ತೆಗೆದು, ಮಗುವನ್ನು ಕೂರಿಸಿ ಮೊಣಕಾಲು ನೋಡಬೇಕು.